ಬೆರಳುಗಳು ತೊದಲಿದ ಡಿಸ್ಕ್

ಪ್ರೇಬೆನ್ ಸ್ಟೌಗಾರ್ಡ್ ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದವನು. ದ್ವೀಪದ ಬಂದರೂರು ಸ್ವೆಂಡ್‌ಬೋರ್ಗಿನಲ್ಲಿದ್ದ ತನ್ನ ಅಂಗಡಿ ಮುಚ್ಚಿದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ಊರವರ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿಕೊಡತೊಡಗಿದ. 2005ರ ಹೊತ್ತಿಗೆ ಊರಿನ ಅರ್ಧದಷ್ಟು ಮದುವೆಗಳು, ಹುಟ್ಟುಹಬ್ಬಗಳು, ದೋಣಿ ಸ್ಪರ್ಧೆಗಳು ಅವನ ಕೈ ದಾಟಿ ಹೋಗಿದ್ದವು. ಒಬ್ಬರಾದರೂ ಡಿಸ್ಕ್ ವಾಪಸು ತಂದಿರಲಿಲ್ಲ. ಈ ಮಾತನ್ನು ಅವನು ಹೆಂಡತಿ ಕಾರ್ನಳಿಗೆ ವಾರಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದ.

ಹಾಗಾಗಿ ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಅಗ್ನೇಟೆ ಲಿಂಡ್‌ಹಾರ್ಟ್ ಬಾಗಿಲಲ್ಲಿ ನಿಂತು, ಹತ್ತು ದಿನದ ಹಿಂದೆ ತಾನು ಒಯ್ದಿದ್ದ ಡಿಸ್ಕನ್ನು ಮುಂದೆ ಚಾಚಿದಾಗ, ಆಕೆ ಇನ್ನೊಂದು ಪ್ರತಿ ಕೇಳಲು ಬಂದಿದ್ದಾಳೆ ಎಂದೇ ಅವನು ತಿಳಿದ. ಅಗ್ನೇಟೆಗೆ ಎಪ್ಪತ್ತೊಂದು ವರ್ಷ. ಹುಟ್ಟಿನಿಂದ ಕಿವುಡಿ. ಬಂದರಿನಲ್ಲಿ ಹಡಗಿನ ಹಾಯಿ ಹೊಲಿದು ನಲವತ್ತು ವರ್ಷ ದುಡಿದ ಹೆಂಗಸು. ಜೊತೆಗೆ ಮಗಳು ಮೈಕೆನ್ ಬಂದಿದ್ದಳು. ಅವಳಿಗೆ ಕಿವಿ ಕೇಳಿಸುತ್ತಿತ್ತು. ತಾಯಿ ಕೈಯಲ್ಲಿ ಹೇಳಿದ್ದನ್ನು ಅವಳು ಬಾಯಲ್ಲಿ ಹೇಳುತ್ತಿದ್ದಳು.

"'ನನ್ನ ಗಂಡ ಗೊಣಗ್ತಿದಾನೆ' ಅಂತಾಳೆ ಅಮ್ಮ," ಎಂದಳು ಮೈಕೆನ್.

"ಗೊಣಗ್ತಾರಾ? ಅವರಿಗೂ ಮಾತು ಬರ್ತಿರ್ಲಿಲ್ಲ ಅಲ್ವಾ? ಆ ಕ್ಯಾಸೆಟ್ಟಲ್ಲಿ ಕುರ್ಚಿ ಎಳೆಯೋ ಸದ್ದು ಬಿಟ್ರೆ ಏನೂ ಇಲ್ವಲ್ರೀ."

ಅಗ್ನೇಟೆ ಅವನ ತುಟಿಯನ್ನೇ ನೋಡುತ್ತಿದ್ದಳು. ಅವನು ಮುಗಿಸುವ ಮೊದಲೇ ಅವಳ ಕೈ ಎದ್ದಿತು. ಮೈಕೆನ್ ಮುಖ ಕೆಂಪಗಾಯಿತು.

"'ಬಾಯಲ್ಲಲ್ಲ ಮಹಾರಾಯಾ, ಕೈಯಲ್ಲಿ. ವಿಲ್ಲುಮ್‌ನ ಕೈಯಷ್ಟು ಸ್ಪಷ್ಟವಾದ ಕೈ ಈ ದ್ವೀಪದಲ್ಲೇ ಇರ್ಲಿಲ್ಲ. ನೀನು ಅವನ ಬಾಯಿಗೆ ಬಿಸಿ ಆಲೂಗಡ್ಡೆ ತುರುಕಿದ ಹಾಗೆ ಮಾಡಿದೀಯ' ಅಂತಾಳೆ. ಕ್ಷಮಿಸಿ, ಅವಳು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ಬೇಕು, ಇಲ್ಲಾಂದ್ರೆ ಅವಳಿಗೆ ಗೊತ್ತಾಗ್ಬಿಡತ್ತೆ."

ವಿಲ್ಲುಮ್ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. 1987ರಲ್ಲಿ ಕಿವುಡರ ಸಂಘದ ವೇದಿಕೆಯ ಮೇಲೆ ನಿಂತು ಅವನು ಸನ್ನೆ ಭಾಷೆಯಲ್ಲಿ ಮೂರು ಗಂಟೆ ಕಥೆ ಹೇಳಿದ್ದನ್ನು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಮೂರು ವಾರದಲ್ಲಿ ಸಂಘಕ್ಕೆ ಐವತ್ತು ತುಂಬುವುದಿತ್ತು. ಅಂದು ಅದನ್ನು ಎಲ್ಲರಿಗೂ ತೋರಿಸಬೇಕೆಂದು ಡಿಸ್ಕ್ ಮಾಡಿಸಿದ್ದರು.

ಪ್ರೇಬೆನ್ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದ. ತೆರೆಯ ಮೇಲೆ ಬಿಳಿ ಅಂಗಿಯ, ಗುಂಗುರು ಕೂದಲಿನ ಮನುಷ್ಯ ಕೈಯಾಡಿಸತೊಡಗಿದ. "ನೋಡಿ, ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ," ಎಂದ ಪ್ರೇಬೆನ್.

ಅಗ್ನೇಟೆ ಒಂದು ಕಡೆ ನಿಲ್ಲಿಸಲು ಹೇಳಿದಳು. ಅಲ್ಲಿ ವಿಲ್ಲುಮ್ ಒಂದು ಹೆಸರನ್ನು ಅಕ್ಷರಕ್ಕೊಂದು ಬೆರಳ ಮುದ್ರೆ ಹಿಡಿದು ಬರೆಯುತ್ತಿದ್ದ. "'ಮೊದಲನೇ ಅಕ್ಷರ ಇದೆ. ಆಮೇಲೆ ಬರೀ ಗಂಜಿ.'"

"ಸರಿ, ಕ್ಯಾಸೆಟ್ ಇನ್ನೊಂದ್ಸಲ ತಂದ್ಕೊಡಿ, ನೋಡ್ತೀನಿ."

ಮೈಕೆನ್ ಈ ಸಲ ತಾಯಿಗೆ ತಿಳಿಸಲು ಕೈಯನ್ನು ಎತ್ತಲಿಲ್ಲ. ಬಾಯಲ್ಲಿ ಮಾತ್ರ ಮೆಲ್ಲಗೆ ಹೇಳಿದಳು: "ಕ್ಯಾಸೆಟ್ಟನ್ನ ಶನಿವಾರ ನಾನೇ ಕಸದ ಡಿಪೋಗೆ ಹಾಕಿ ಬಂದೆ. ಡಿಸ್ಕ್ ಬಂತಲ್ಲ, ಇನ್ಯಾಕೆ ಅಂತ..."

ಮಗಳ ಮುಖ ನೋಡಿ ಅಗ್ನೇಟೆಗೆ ಏನೋ ಆಗಿದೆಯೆಂದು ತಿಳಿಯಿತು. ಏನೆಂದೆ ಎಂದು ಕೈಯಲ್ಲಿ ಕೇಳಿದಳು. ಎರಡನೇ ಸಲ ಕೇಳಿದಳು. ಮೈಕೆನ್ ಕೊನೆಗೂ ಕೈಯಲ್ಲಿ ಹೇಳಿದಾಗ ಮುದುಕಿ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಲ್ಲಿಯ ತನಕ ಒಂದು ಗಳಿಗೆಯೂ ಸುಮ್ಮನಿರದ ಅವಳ ಕೈಗಳು ಮಡಿಲಲ್ಲಿ ಬಿದ್ದುಕೊಂಡವು.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತುಂಬಿಕೊಂಡ ಮೂಲ ಪ್ರತಿ ಬಲು ದೊಡ್ಡದು. ಅದನ್ನು ಕುಗ್ಗಿಸಿ ಡಿಸ್ಕಿಗೆ ಬರೆದ ಮೇಲೆ ಮುಂದಿನ ಗಿರಾಕಿಗೆ ಜಾಗ ಬೇಕೆಂದು ಪ್ರೇಬೆನ್ ಅಳಿಸಿಹಾಕುತ್ತಿದ್ದ. ಇದನ್ನೂ ಅಳಿಸಿದ್ದನೋ ಇಲ್ಲವೋ ನೆನಪಿರಲಿಲ್ಲ. ಬೆನ್ನು ತಿರುಗಿಸಿ ಹುಡುಕಿದ. ಇತ್ತು. ಮೂರು ಗಂಟೆಯೂ ಇತ್ತು. ಅವನು ಹೆಬ್ಬೆರಳೆತ್ತಿ ತೋರಿಸಿದ. ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ.

ಅವರು ಹೋದ ಮೇಲೆ ಕಾರ್ನ ಮೆಟ್ಟಿಲ ಮೇಲಿಂದ ಇಣುಕಿದಳು. "ಒಂದೂ ವಾಪಸು ಬಂದಿಲ್ಲ ಅಂತಿದ್ದೆ?"

"ಇವತ್ತು ಬೆಳಿಗ್ಗೆ ತನಕ ಬಂದಿರ್ಲಿಲ್ಲ."

"ಮುದುಕಿಗೆ ಕಣ್ಣು ಮಂಜಾಗಿರ್ಬೇಕು ಬಿಡು."

ಅವನಿಗೂ ಒಳಗೊಳಗೆ ಹಾಗೇ ಅನಿಸಿತ್ತು. ಆದರೂ ಡಿಸ್ಕಿನಲ್ಲಿ ಆ ಹೆಸರಿನ ಜಾಗಕ್ಕೆ ಹೋಗಿ, ಒಂದೊಂದೇ ಚಿತ್ರವನ್ನು ನಿಲ್ಲಿಸಿ ನೋಡಿದ. ನಾಲ್ಕನೆಯ ಚಿತ್ರಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡ. ವಿಲ್ಲುಮ್‌ನ ಒಂದೇ ಕೈಯಲ್ಲಿ ಒಂಬತ್ತು ಬೆರಳುಗಳಿದ್ದವು.

ಹಳೆಯ ಟೀವಿ ಚಿತ್ರ ಒಂದಲ್ಲ, ಎರಡು ಅರ್ಧ ಎಂಬುದು ಅವನಿಗೆ ಹುಡುಗನಾಗಿದ್ದಾಗಿನಿಂದ ಗೊತ್ತು. ಒಂದು ಅರ್ಧದಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಎರಡರ ನಡುವೆ ಸೆಕೆಂಡಿನ ಐವತ್ತರ ಒಂದು ಪಾಲು ಅಂತರ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ, ಅಲುಗಾಡುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯಂಥ ಗೆರೆ ಕಾಣುತ್ತದೆ. ಗಿರಾಕಿಗಳಿಗೆ ಅದು ಇಷ್ಟವಾಗದೆಂದು, ಗೆರೆ ಅಳಿಸುವ ಗುಂಡಿಯೊಂದನ್ನು ಅವನು ವರ್ಷಗಳಿಂದ ಒತ್ತುತ್ತಲೇ ಬಂದಿದ್ದ. ಆ ಗುಂಡಿ ಎರಡು ಗಳಿಗೆಗಳನ್ನು ಕಲಸಿ ಒಂದು ಮಾಡುತ್ತಿತ್ತು. ಮದುವೆಯಲ್ಲಿ ಕೇಕ್ ಕತ್ತರಿಸುವವರ ಬೆರಳನ್ನು ಯಾರು ಎಣಿಸುತ್ತಾರೆ? ಸೆಕೆಂಡಿನ ಐವತ್ತರ ಒಂದು ಪಾಲಿನ ತಪ್ಪನ್ನು ಎಪ್ಪತ್ತೊಂದರ ಹೆಂಗಸೊಬ್ಬಳು ಬರಿಗಣ್ಣಲ್ಲಿ ಓದಿದ್ದಳು.

"ಕಾರ್ನಾ," ಎಂದು ಕೂಗಿದ. "ಅವರ ಕಣ್ಣಲ್ಲ, ನಂದು ಮಂಜಾಗಿರೋದು."

ಗುಂಡಿ ಒತ್ತದೆ ಎರಡನೆಯ ಡಿಸ್ಕ್ ಬರೆದು, ಶನಿವಾರ ತಾನೇ ಅಗ್ನೇಟೆಯ ಮನೆಗೆ ಒಯ್ದ. ಆಕೆ ತನ್ನ ದಪ್ಪ ಹಳೆಯ ಟೀವಿಯ ಮುಂದೆ ಕುಳಿತು ಒಂದು ನಿಮಿಷ ನೋಡಿದಳು. ಆಮೇಲೆ ಸರಿಯಿಲ್ಲವೆಂದು ತಲೆಯಾಡಿಸಿದಳು.

"'ಈಗ ಗೊಣಗ್ತಿಲ್ಲ. ಈಗ ತೊದಲ್ತಿದಾನೆ,'" ಎಂದಳು ಮೈಕೆನ್. "'ಮತ್ತೆ ಬೆರಳ ತುದೀಲಿ ಚೌಕ ಚೌಕ ಏನದು? ಅವನೇನು ಕೈಗವಸು ಹಾಕಿದ್ನಾ?'"

ಅವನಿಗೆ ಏನೂ ಕಾಣಲಿಲ್ಲ. ಅಗ್ನೇಟೆ ಎದ್ದು ಅವನ ತೋಳು ಹಿಡಿದು ಟೀವಿಯ ಹತ್ತಿರ ಮಂಡಿಯೂರಿ ಕೂರಿಸಿದಳು. ವಿಲ್ಲುಮ್‌ನ ಕೈ ಎಡದಿಂದ ಬಲಕ್ಕೆ ಹೋಗುತ್ತಿದ್ದಾಗ, ತನ್ನ ತೋರುಬೆರಳನ್ನು ಗಾಜಿನ ಮೇಲೆ ಅದರ ಜೊತೆಗೇ ಎಳೆದಳು. ಅವಳ ಬೆರಳು ನೀರಿನ ಹಾಗೆ ಹರಿಯಿತು. ಗಾಜಿನ ಒಳಗಿನ ಕೈ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತ ನಡುಗುತ್ತ ಹೋಯಿತು. ಆಗ ಅವನಿಗೆ ಕಂಡಿತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲೊಲ್ಲದು.

"ಅಯ್ಯೋ ದೇವ್ರೇ," ಎಂದ. "ಹೌದಲ್ಲ."

ಅಗ್ನೇಟೆ ಅವನ ಬೆನ್ನು ತಟ್ಟಿದಳು. ಪಾಠ ಒಪ್ಪಿಸಿದ ಮಗುವಿಗೆ ತಟ್ಟಿದ ಹಾಗಿತ್ತು.

ಮನೆಗೆ ಬಂದು ಹಾಕಿ ನೋಡಿದರೆ, ಕಂಪ್ಯೂಟರಿನ ತೆರೆಯಲ್ಲಿ ಅದೇ ಡಿಸ್ಕ್ ನೆಟ್ಟಗಿತ್ತು, ಟೀವಿಯಲ್ಲಿ ಮಾತ್ರ ನಡುಕ. ಭಾನುವಾರ ಅವನು ಡಿಸ್ಕ್ ಮಾಡುವವರು ಸೇರುವ ಇಂಟರ್ನೆಟ್ ಚಾವಡಿಯಲ್ಲಿ ಕಷ್ಟ ಹೇಳಿಕೊಂಡ. ಊಟದ ಹೊತ್ತಿಗೆ ಫಿನ್ಲೆಂಡಿನ ತಂಪೆರೆಯಿಂದ ಯಾರೋ ಉತ್ತರ ಬರೆದಿದ್ದರು. "ಎರಡು ಅರ್ಧಗಳಲ್ಲಿ ಯಾವುದನ್ನ ಮೊದಲು ಕಳಿಸ್ತಿದೀರಿ? ನೀವು ತುಂಬಿಕೊಂಡಿರೋ ರೀತೀಲಿ ಕೆಳಗಿನ ಗೆರೆ ಮೊದಲು ಬರುತ್ತೆ. ನಿಮ್ಮ ಸಾಫ್ಟ್‌ವೇರ್, ನೀವು ಹೇಳದಿದ್ರೆ, ಮೇಲಿನದೇ ಮೊದಲು ಅಂದ್ಕೊಳ್ಳುತ್ತೆ. ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಂಡು ನಡೆಸ್ತಿದೀರಿ ಆ ಮನುಷ್ಯನ್ನ. ಮತ್ತೆ ಮೂರು ಗಂಟೇನ ಒಂದೇ ಡಿಸ್ಕಿಗೆ ತುರುಕಬೇಡಿ, ಬೇಗ ಆಡೋ ಬೆರಳು ಚೌಕ ಚೌಕವಾಗುತ್ತೆ."

ಒಂದೇ ಒಂದು ಆಯ್ಕೆ, ಮೇಲಿನದು ಎಂಬುದನ್ನು ಕೆಳಗಿನದು ಎಂದು ಬದಲಿಸುವುದು. ಮೂರು ಗಂಟೆಯನ್ನು ಎರಡು ಡಿಸ್ಕಿಗೆ ಹಂಚಿದ. ಕಂಪ್ಯೂಟರ್ ಒಂದೂವರೆ ದಿನ ಗುಂಯ್‌ಗುಟ್ಟಿತು. ಈ ಸಲ ಅವನು ಹಜಾರದ ಟೀವಿಯನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿಸಿದ. ಕಾರ್ನ ಬಾಗಿಲು ಹಿಡಿದು, "ಸಂಜೆ ಧಾರಾವಾಹಿ ನೋಡೋಕೆ ನಾನೂ ಇಲ್ಲೇ ಬಂದು ಕೂರ್ಬೇಕಾ?" ಎಂದು ಬೈದಳು. ಬೈಯುತ್ತಲೇ ಇನ್ನೆರಡು ಕುರ್ಚಿ ಇಳಿಸಿದಳು.

ಬುಧವಾರ ಅಗ್ನೇಟೆ ನೆಲಮಾಳಿಗೆಗೆ ಬಂದು ಕೋಟನ್ನೂ ಬಿಚ್ಚದೆ ಕುಳಿತಳು. ವಿಲ್ಲುಮ್ ಶುರು ಮಾಡಿದ. ಪ್ರೇಬೆನ್ ತೆರೆಯನ್ನು ನೋಡಲಿಲ್ಲ, ಅವಳನ್ನು ನೋಡುತ್ತಿದ್ದ. ಮೊದಲು ಹುಬ್ಬು ಸಡಿಲವಾಯಿತು. ಆಮೇಲೆ ಗಂಡನ ಕೈ ಆಡಿದಂತೆ ಅವಳ ಕೈಯೂ ಮಡಿಲಲ್ಲಿ ಸಣ್ಣಗೆ ಆಡತೊಡಗಿತು. ಹೆಸರಿನ ಜಾಗ ಬಂದಾಗ ಬಲಗೈ ಎತ್ತಿ ಒಂದೊಂದೇ ಅಕ್ಷರ ಹಿಡಿದಳು.

"ಲೌಸ್ಟ್," ಎಂದು ಮೈಕೆನ್ ಓದಿದಳು. ಅವಳ ದನಿ ಒಡೆಯಿತು. "ಅಪ್ಪನ ಸ್ಕೂಲಿನ ಗೆಳೆಯ. ಆಗೆಲ್ಲ ಕ್ಲಾಸಲ್ಲಿ ಕೈಯಾಡಿಸ್ಬಾರ್ದು, ಬಾಯಲ್ಲೇ ಮಾತಾಡ್ಬೇಕು ಅಂತ ಮಕ್ಕಳ ಕೈ ಮೇಲೆ ಅವರನ್ನೇ ಕೂರಿಸ್ತಿದ್ರಂತೆ. ಲೌಸ್ಟ್ ಬರೀ ಹುಬ್ಬು ಮತ್ತೆ ಒಂದು ಭುಜದಲ್ಲಿ ಪೂರ್ತಿ ಜೋಕ್ ಹೇಳ್ತಿದ್ದ. ಇಡೀ ಕ್ಲಾಸ್ ಬಿದ್ದು ಬಿದ್ದು ನಗೋದು. ಯಾರು ನಗಿಸಿದ್ದು ಅಂತ ಮೇಷ್ಟ್ರಿಗೆ ಗೊತ್ತೇ ಆಗ್ತಿರ್ಲಿಲ್ಲ."

"ಈಗ ಎಲ್ಲಿದಾರೆ ಅವರು?" ಎಂದ ಪ್ರೇಬೆನ್.

ಅಗ್ನೇಟೆ ಉತ್ತರ ಕೊಟ್ಟಳು, ನಿಧಾನವಾಗಿ. "'ಹತ್ತೊಂಬತ್ತಕ್ಕೇ ಸಮುದ್ರದ ಪಾಲಾದ. ಮನೆಯವರು ಅಂತ ಯಾರೂ ಇರ್ಲಿಲ್ಲ. ಫೋಟೋನೂ ಇಲ್ಲ. ಅವನ ಹೆಸರು ಹೇಳೋರು ಅಂತ ಉಳಿದಿರೋದು ತೆರೆ ಮೇಲಿನ ಈ ಕೈ ಒಂದೇ.'"

ಮೂರು ಗಂಟೆಯನ್ನೂ ಅಂದೇ ಮುಗಿಸಿದರು. ಅಗ್ನೇಟೆ ಎರಡು ಕಡೆ ಮಾತ್ರ ಕೈಯೆತ್ತಿ ನಿಲ್ಲಿಸಿದಳು. ಎರಡೂ ಸಲ ತಪ್ಪು ಡಿಸ್ಕಿನದಲ್ಲ, ವಿಲ್ಲುಮ್‌ನದೇ ಎಂದು ತೀರ್ಪು ಕೊಟ್ಟಳು.

ಸಂಘದ ಹಬ್ಬಕ್ಕೆ ಅವನನ್ನೂ ಕಾರ್ನಳನ್ನೂ ಕರೆದಿದ್ದರು. ದೀಪವನ್ನು ಎರಡು ಸಲ ಆರಿಸಿ ಹೊತ್ತಿಸಿದ್ದೇ ತಡ, ಎಂಬತ್ತು ಜನ ತಿರುಗಿ ಕುಳಿತರು. ಅಲ್ಲಿ ಮೌನವಿದ್ದೀತೆಂದು ಅವನು ಎಣಿಸಿದ್ದ. ಜನ ಗಟ್ಟಿಯಾಗಿ ನಕ್ಕರು, ಮೇಜು ಗುದ್ದಿದರು, ಒಬ್ಬರನ್ನೊಬ್ಬರು ಕರೆಯಲು ಮರದ ನೆಲವನ್ನು ಕಾಲಿನಿಂದ ಒದ್ದರು. ತೆರೆಯ ಮೇಲಿನ ಮಾತು ಅವನಿಗೆ ಒಂದೂ ತಿಳಿಯಲಿಲ್ಲ, ಕಾರ್ನಳಿಗೂ ತಿಳಿಯಲಿಲ್ಲ, ಆದರೂ ಕಾರ್ನ ಪಕ್ಕದವರ ಜೊತೆ ನಗುತ್ತಿದ್ದಳು. ಲೌಸ್ಟ್‌ನ ಹೆಸರು ಬಂದಾಗ ಮಾತ್ರ ನಗು ನಿಂತಿತು. ಹಿಂದಿನ ಸಾಲುಗಳಲ್ಲಿ ಆರೇಳು ಮುದಿ ಕೈಗಳು ಮೇಲೆದ್ದು ಆ ಹೆಸರನ್ನು ಅಕ್ಷರ ಅಕ್ಷರವಾಗಿ ತಿರುಗಿ ಬರೆದವು.

ಕಾಫಿಯ ಹೊತ್ತಿಗೆ ಅವನ ಮುಂದೆ ಸಾಲು ನಿಂತಿತ್ತು. ಒಬ್ಬರ ಕೈಯಲ್ಲಿ ಕ್ಯಾಸೆಟ್ಟಿನ ಚೀಲ, ಇನ್ನೊಬ್ಬರ ಕೈಯಲ್ಲಿ ಶೂ ಡಬ್ಬಿ. ಅವನು ಮೈಕೆನ್‌ಳನ್ನು ಹುಡುಕಿ ಕರೆದ.

"ನಿಮ್ಮ ಅಮ್ಮನಿಗೆ ಹೇಳಿ, ಅವರು ಬಂದು ಕೂತು ನೋಡಿ ಒಪ್ಪೋದಾದ್ರೆ ಮಾತ್ರ ಇದನ್ನೆಲ್ಲ ಮಾಡ್ತೀನಿ. ನನ್ನ ಕಣ್ಣನ್ನ ನಾನೇ ನಂಬೋ ಕಾಲ ಹೋಯ್ತು."

ಅಗ್ನೇಟೆ ಯೋಚಿಸಿದಳು. "'ನಿಮ್ಮನೇಲಿ ಕಾಫಿ ಹೇಗಿರುತ್ತೆ?' ಅಂತಾಳೆ."

"ತೆಳ್ಳಗೆ ಅಂತ ಹೇಳು," ಎಂದಳು ಕಾರ್ನ. "ಆದ್ರೆ ಕೇಕ್ ಇರುತ್ತೆ."

ನಾಲ್ಕು ವರ್ಷ, ಮಂಗಳವಾರ ಬಿಡದೆ, ಅಗ್ನೇಟೆ ಆ ನೆಲಮಾಳಿಗೆಗೆ ಬಂದಳು. ಸಂಘದ ಕ್ಯಾಸೆಟ್ಟುಗಳು ಮುಗಿದ ಮೇಲೆ ಊರವರ ಮದುವೆಗಳನ್ನೂ ನೋಡಿದಳು. ಅವಳು ಸರಿಯಿಲ್ಲವೆಂದು ತಲೆಯಾಡಿಸಿದ ಡಿಸ್ಕ್ ಯಾವುದೂ ಮನೆ ದಾಟಲಿಲ್ಲ. ಎರಡನೆಯ ಚಳಿಗಾಲದ ಹೊತ್ತಿಗೆ ಮೈಕೆನ್ ಬರುವುದು ಬೇಕಾಗಲಿಲ್ಲ. ಪ್ರೇಬೆನ್‌ನ ಸನ್ನೆಗಳು ಒಡ್ಡೊಡ್ಡಾಗಿದ್ದವು. ಒಮ್ಮೆ ಅವನು ಕಾಫಿ ಬೇಕೇ ಎಂದು ಕೇಳಲು ಹೋಗಿ ಏನು ಕೇಳಿಬಿಟ್ಟನೋ, ಅವಳು ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಅದೇನೆಂದು ಅವನಿಗೆ ಕೊನೆಯ ತನಕ ಹೇಳಲಿಲ್ಲ.

ಒಂದು ಮಂಗಳವಾರ ಯಾರದೋ ಮದುವೆ ಓಡುತ್ತಿತ್ತು. ಚರ್ಚಿನಲ್ಲಿ ಪಾದ್ರಿಯ ಮುಂದೆ ವಧೂವರರು ನಿಂತಿದ್ದರು. ಅಗ್ನೇಟೆಯ ಭುಜ ಕುಲುಕತೊಡಗಿತು.

"ಏನಾಯ್ತು? ಮತ್ತೆ ತೊದಲ್ತಿದೆಯಾ?" ಎಂದು ಅವನು ಕೈಯಲ್ಲಿ ಕೇಳಿದ.

ಅವಳು ಮದುಮಗನ ತುಟಿಯನ್ನು ತೋರಿಸಿ ಕೈಯಲ್ಲೇ ಹೇಳಿದಳು. "ಹಸಿವಾಗ್ತಿದೆ, ಈ ಪಾದ್ರಿ ಯಾವಾಗ ಮುಗಿಸ್ತಾನೋ ಅಂತ ಹೇಳ್ತಿದಾನೆ. ಅದೂ ಮದುಮಗಳಿಗಲ್ಲ, ಪಕ್ಕದಲ್ಲಿ ನಿಂತ ಗೆಳೆಯನಿಗೆ."

"ಹಾಗಾದ್ರೆ ಡಿಸ್ಕ್?"

"ಇಷ್ಟು ದೂರದಿಂದ ತುಟಿ ಓದೋಕೆ ಬರ್ತಿದೆ ಅಂದ್ಮೇಲೆ ಡಿಸ್ಕಿಗೇನಾಗಿದೆ? ಕೊಟ್ಬಿಡು," ಎಂದಳು ಅಗ್ನೇಟೆ, ಮತ್ತು ಕೇಕಿನ ತಟ್ಟೆಗೆ ಕೈ ಹಾಕಿದಳು.