ಮೊಳೆ ತಾಗದ ಗುಮ್ಮಟ

"ಎಂಜಿನ್ ಆರಿಸಪ್ಪ," ಎಂದು ಯುದಿತಾ ಶವದ ಗಾಡಿಯ ಚಾಲಕನ ಭುಜ ತಟ್ಟಿದಳು. "ಬಾಗಿಲು ತೆಗೆಯೋವರೆಗೂ ನಾನು ಕದಲಲ್ಲ."

ಸಿನಗಾಗಿಗೆ, ಅಂದರೆ ತಮ್ಮ ಪ್ರಾರ್ಥನಾ ಮಂದಿರಕ್ಕೆ, ದುಡಿದವರ ಶವ ಎದುರು ಬಂದರೆ ಅದರ ಬಾಗಿಲು ತೆರೆಯುವುದು ಸ್ಲೊವಾಕಿಯಾದ ಆ ಸಣ್ಣ ಊರಿನ ಯೆಹೂದಿಗಳ ವಾಡಿಕೆ. ಅವಳ ಗಂಡ ಎರ್ವಿನ್ ಗಾರೆ ಕೆಲಸದವನು. ಎಂಬತ್ತೇಳು ವರ್ಷ ಬದುಕಿ, ಕೊನೆಯ ದಿನದವರೆಗೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಯಾರಿಗೂ ಹೊರೆಯಾಗದೆ ಹೋಗಿದ್ದ. ಯುದಿತಾಳಿಗೆ ಅಳುವಿಗಿಂತ ನೆಮ್ಮದಿಯೇ ಹೆಚ್ಚು. ಈ ಬಾಗಿಲೊಂದು ತೆರೆದರೆ ಅವಳಿಗೆ ಬೇರೇನೂ ಬೇಡ.

ಬೀಗದ ಕೈ ಮಾತ್ರ ಸಮುದಾಯದ ಹಿರಿಯ ಟಿಬೋರನ ಜೇಬಿನಲ್ಲಿತ್ತು.

"ದುಡಿದನಾ? ಗುಮ್ಮಟ ಮುಚ್ಚಿ ಸಿನಿಮಾ ಹಾಲ್ ಮಾಡಿಕೊಟ್ಟವನು ಅವನೇ ಅಲ್ವೇನಮ್ಮಾ?"

"ಮುಚ್ಚಿದ. ಆದ್ರೆ ಅದಕ್ಕೊಂದು ಮೊಳೆನೂ ಹೊಡೀಲಿಲ್ಲ."

"ಹೆಂಡತಿ ಇನ್ನೇನು ಹೇಳ್ತಾಳೆ!"

*

ಸಿನಗಾಗಿ ಹೂಬಳ್ಳಿಯ ಕೆತ್ತನೆ ಒಂದೂ ಇಲ್ಲದ ಬೋಳು ಕಾಂಕ್ರೀಟ್ ಕಟ್ಟಡ. ಕಟ್ಟಿದಾಗ ಊರ ಅಜ್ಜಂದಿರು ಕಾರ್ಖಾನೆ ಎಂದು ಹೀಯಾಳಿಸಿದ್ದರು. ಐವತ್ತು ವರ್ಷದ ಹಿಂದೆ ಕಮ್ಯುನಿಸ್ಟ್ ಸರ್ಕಾರದವರು ಅದನ್ನು ಸಿನಿಮಾಕ್ಕೆ ಕೊಟ್ಟರು. ಗುಮ್ಮಟಕ್ಕೆ ಕೊಕ್ಕೆ ಹೊಡೆದು ಕೆಳಗೊಂದು ಚಾವಣಿ ತೂಗುಹಾಕೆಂದು ಎರ್ವಿನ್‌ಗೆ ಅಪ್ಪಣೆಯಾಯಿತು. ವಾರದ ಕೆಲಸಕ್ಕೆ ಅವನು ತಿಂಗಳು ಹಿಡಿದ. ಚೆನ್ನಾಗಿ ಉಗಿಸಿಕೊಂಡು ಮನೆಗೆ ಬಂದ.

"ಸೋಮಾರಿ ಅಂತ ಯಾಕೆ ಅನ್ನಿಸ್ಕೊಂಡೆ?" ಎಂದು ಯುದಿತಾ ಕೇಳಿದ್ದಳು.

"ತೊಲೆ ಹಾಕಿ ಚಾವಣಿನ ಗೋಡೆ ಮೇಲೆ ಕೂರಿಸ್ದೆ. ಗುಮ್ಮಟಕ್ಕೆ ಸುತ್ತಿಗೆ ಎತ್ತೋಕೆ ಕೈ ಬರ್ಲಿಲ್ಲ ಕಣೇ. ಯಾರಿಗೂ ಹೇಳ್ಬೇಡ, ಕೆಲಸ ಹೋಗತ್ತೆ. ಸೂಪ್ ಹಾಕು."

ಸರ್ಕಾರ ಬದಲಾದ ಮೇಲೂ ಅವನು ಬಾಯಿ ಬಿಡಲಿಲ್ಲ. ಬಿಗುಮಾನದ ಮನುಷ್ಯ.

*

ಗಲಾಟೆ ಕೇಳಿ, ಕಟ್ಟಡದ ಜೀರ್ಣೋದ್ಧಾರ ನೋಡಿಕೊಳ್ಳುತ್ತಿದ್ದ ಮಾರೆಕ್ ಪಕ್ಕದ ಕಿರುಬಾಗಿಲಿನಿಂದ ಹೊರಬಂದ. ಮೈಯೆಲ್ಲ ಧೂಳು.

"ನೀನೇ ಹೇಳಪ್ಪ," ಎಂದ ಟಿಬೋರ್. "ಆ ಸಿನಿಮಾ ಚಾವಣಿ ಕಟ್ಟಿದವನಿಗೆ ಬಾಗಿಲು ತೆಗೀಬೇಕಾ?"

ಮಾರೆಕ್ ಗಾಡಿಯತ್ತ ನೋಡಿದ. "ಕಟ್ಟಿದ್ದು ಇವರಾ? ಎರಡು ವರ್ಷದಿಂದ ಹಳೇ ಕಡತಗಳಲ್ಲಿ ಹೆಸರು ಹುಡುಕ್ತಿದೀನಿ! ಚಾವಣಿ ಇಳಿಸಿದ್ರೆ ಗುಮ್ಮಟದಲ್ಲಿ ಒಂದು ತೂತಿಲ್ಲ, ಹಳೇ ಬಣ್ಣ ಕೂಡ ಹಾಗೇ ಇದೆ. ನಮ್ಮ ಅರ್ಧ ಕೆಲಸ ಇವರೇ ಮಾಡಿಟ್ಟಿದ್ರು."

ಟಿಬೋರ್ ಮೂವತ್ತು ವರ್ಷ ಸಮುದಾಯದ ಪುಟ್ಟ ಕೋಣೆಯಲ್ಲಿ ಎರ್ವಿನ್ ಪಕ್ಕದಲ್ಲೇ ಕೂತು ಪ್ರಾರ್ಥಿಸಿದ್ದ, ಒಮ್ಮೆಯೂ ಕೈ ಕುಲುಕಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು.

"ಕತ್ತೆ! ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಗಾಡಿಗೆ ಗದರಿ, ಬೀಗ ತೆಗೆದು ಬಾಗಿಲು ತಳ್ಳಿದ. ಅದು ಗೇಣಗಲ ಸರಿದು ನಿಂತಿತು. ಒಳಗೆ ಕೆಲಸಗಾರರು ಹತ್ತಿ ನಿಲ್ಲಲು ಕಟ್ಟಿದ ಸಾರವೆ ಅಡ್ಡವಿತ್ತು.

"ಇಷ್ಟು ಸಾಕು ಬಿಡಿ," ಎಂದಳು ಯುದಿತಾ.

"ಸಾಕಾಗಲ್ಲಮ್ಮ."

ಎಂಬತ್ತರ ಟಿಬೋರ್ ಕರಿ ಕೋಟು ಕಳಚಿ ಅವಳ ಕೈಗಿತ್ತ. ಕಿರುಬಾಗಿಲಿನಿಂದ ಒಳಹೋಗಿ, ಸಾರವೆಯ ಮೊದಲ ಕಂಬ ಸರಿಸಲು ಹೆಗಲು ಕೊಟ್ಟ.