ಮೂರರ ಎಣಿಕೆಗೆ ಕ್ಲಾರಿ

"ಒಂದು... ಎರಡು... ಮೂರು!"

ಮೈಕಿನಲ್ಲಿ ಮೂರು ಎಂದದ್ದೇ ತಡ, ದಿಮ್ಮಿಯ ಮೇಲೆ ನಿಂತಿದ್ದ ಕ್ಲಾರಿ ಕೊಡಲಿ ಬೀಸಿಯೇಬಿಟ್ಟ. ಬೇಲಿಯ ಬಳಿ ಫೋಟೋ ತೆಗೆಯಲು ನಿಂತಿದ್ದ ನೋರೀನ್ ಗಡಬಡಿಸಿ ಕ್ಯಾಮೆರಾ ಎತ್ತಿದಳು.

ಮರ ಕಡಿಯುವ ಪಂದ್ಯದಲ್ಲಿ ಕೈ ಪಳಗದವರು ಮೂರಕ್ಕೇ ಶುರು ಮಾಡಬಹುದು. ಗಟ್ಟಿಗರು ತಮ್ಮ ಎಣಿಕೆ ಬರುವತನಕ ಕೊಡಲಿ ಹಿಡಿದು ಕಾಯಬೇಕು. ನಲವತ್ತು ವರ್ಷ ಕ್ಲಾರಿ ಕಾದದ್ದು ಇಪ್ಪತ್ತೆಂಟರ ತನಕ. ಅದೇ ಅಭ್ಯಾಸದಲ್ಲಿ ನೋರೀನ್, ಇನ್ನೂ ಹೊತ್ತಿದೆಯಲ್ಲ ಎಂದು ಆರಾಮಾಗಿ ಲೆನ್ಸು ಒರೆಸುತ್ತಿದ್ದಳು. ಎಪ್ಪತ್ತೊಂದರ ಮುದುಕನನ್ನು ಈ ಸಲ ಹೊಸಬರ ಜೊತೆ ಹಾಕಿದ್ದಾರೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಇದು ಅವನ ಕೊನೆಯ ಪಂದ್ಯ. ಟಾಸ್ಮೇನಿಯಾದ ಈ ಮೂಲೆಯಲ್ಲಿ ಕೊಡಲಿ ಕೆಳಗಿಟ್ಟವರ ಒಂದೊಂದು ಫೋಟೋ ಮರ ಕಡಿಯುವವರ ಸಂಘದ ಗೋಡೆಗೇರುತ್ತದೆ. ಅದು ಕೊನೆಯ ಪಂದ್ಯದ್ದೇ ಆಗಬೇಕು. ಹೋದ ವರ್ಷ ಅವಳು ತೆಗೆದದ್ದನ್ನು ನೋಡಿ ಕ್ಲಾರಿ ಮೂಗು ಮುರಿದಿದ್ದ: "ಏನೇ ಇದು, ಕೊಡಲಿ ಹಿಡ್ಕೊಂಡು ಬಸ್ಸಿಗೆ ಕಾಯ್ತಿರೋ ಹಾಗಿದೀನಲ್ಲ!" ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಹಿಡಿದ ಚಿತ್ರ; ಬೀಸುವ ಕೊಡಲಿಯೂ ಅದರಲ್ಲಿ ಕಲ್ಲಿನಂತೆ ನಿಂತುಬಿಟ್ಟಿತ್ತು. ಈ ಸಲ ಶಟರಿನ ವೇಗ ಸ್ವಲ್ಪ ಇಳಿಸಿ, ಕೊಡಲಿಯ ತುದಿಯನ್ನಷ್ಟೇ ಮಸುಕಾಗಿಸಬೇಕೆಂದು ಲೆಕ್ಕ ಹಾಕಿಕೊಂಡೇ ಬಂದಿದ್ದಳು.

ಲೆಕ್ಕವೆಲ್ಲ ಮರೆತುಹೋಯಿತು. ಬೇಲಿಯ ಮೇಲೆ ಮೊಣಕೈ ಊರಿ ಒಂದೇ ಸಮ ಕ್ಲಿಕ್ಕಿಸಿದಳು. ದಿಮ್ಮಿ ಎರಡಾಗಿ ಉರುಳಿತು. ಕ್ಲಾರಿ ಆರರಲ್ಲಿ ಐದನೆಯವನು. ಚಿತ್ರ ನೋಡಿದರೆ, ಅಯ್ಯೋ! ಬೆಳಿಗ್ಗೆ ಇದೇ ಮೈದಾನದಲ್ಲಿ ಓಡಿದ ಕುದುರೆಗಳ ಜೊತೆಜೊತೆಗೇ ಕ್ಯಾಮೆರಾ ತಿರುಗಿಸಿ ತೆಗೆಯಲು ಶಟರನ್ನು ಸೆಕೆಂಡಿನ ಹದಿನೈದರಲ್ಲೊಂದಕ್ಕೆ ಇಟ್ಟದ್ದು ಹಾಗೇ ಇತ್ತು. ದಿಮ್ಮಿಯ ಗೆರೆಗಳು, ಅದರ ಮೇಲೆ ಊರಿದ ಎರಡು ಪಾದ ಸ್ಫುಟವಾಗಿದ್ದವು. ಸೊಂಟದಿಂದ ಮೇಲೆ ಕೈ, ಮುಖ, ಕೊಡಲಿ ಎಲ್ಲ ಕಲಸಿ ಒಂದೇ ಬಿಳಿ ಸುಳಿ. ನೋರೀನಳಿಗೆ ಅಳುವೇ ಬಂತು.

"ತಪ್ಪಾಯ್ತು ಕಣೋ ಕ್ಲಾರಿ. ನಿನ್ನ ಮುಖವೇ ಬಂದಿಲ್ಲ. ಅಳಿಸಿಬಿಡ್ತೀನಿ, ಇನ್ನೊಂದ್ಸಲ ಸುಮ್ನೆ ಬೀಸ್ತೀಯಾ?"

"ಸುಮ್ನೆ ಬೀಸೋಕೆ ನಾನೇನು ನಾಟಕದವನಾ? ಕೊಡು ಇಲ್ಲಿ."

ಕ್ಯಾಮೆರಾ ಕಿತ್ತುಕೊಂಡು ಬಹಳ ಹೊತ್ತು ನೋಡಿದ.

"ಇದ್ರಲ್ಲಿ ನಂಗೆಷ್ಟು ವಯಸ್ಸೇ?"

ಅವಳು ಬಗ್ಗಿ ನೋಡಿದಳು. "ಗೊತ್ತಾಗ್ತಿಲ್ಲ."

"ನಂಗೂ ಗೊತ್ತಾಗ್ತಿಲ್ಲ ಕಣೇ!" ಎಂದು ಏದುಸಿರಿನಲ್ಲೇ ನಕ್ಕ. ಚಹಾ ಹಿಡಿದು ಬಂದ ಹೆಂಡತಿಯ ಮುಂದೆಯೂ ಹಿಡಿದ. "ಬೆರಿಲ್, ಯಾರು ಹೇಳು ನೋಡೋಣ."

"ಆ ಕಾಲು ನಂಗೆ ಗೊತ್ತಿಲ್ವಾ? ಮನೆಗೆ ಬೆಂಕಿ ಬಿದ್ರೂ ಕದಲೋ ಕಾಲಲ್ಲ ಅದು."

"ಗೋಡೆಗೆ ಇದೇ ಇರ್ಲಿ ನೋರೀನ್," ಎಂದ ಕ್ಲಾರಿ.

ನೋರೀನಳಿಗೆ ಹೋದ ಜೀವ ಬಂದಂತಾಯಿತು. ಬೆರಿಲ್ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಬೆವರಿಗೆ ಅಂಟಿದ್ದ ಚಕ್ಕೆಗಳನ್ನು ಕೂದಲಿನಿಂದ ಒಂದೊಂದಾಗಿ ಹೆಕ್ಕತೊಡಗಿದಳು. ಚಹಾ ಆರುತ್ತಿತ್ತು. ಅವನು ಕ್ಯಾಮೆರಾ ಮಾತ್ರ ಬಿಡಲಿಲ್ಲ.