ಎರಡನೆಯ ಸಲ ಹತ್ತುವ ಬತ್ತಿ

ನಡುವಿನ ಜ್ವಾಲೆ ಎಡಕ್ಕೆ ವಾಲುತ್ತಿದೆ, ಹಾಲ್‌ನ ಫ್ಯಾನಿನ ಗಾಳಿ ಅಡುಗೆಮನೆಯವರೆಗೂ ಬರುತ್ತಿದೆ ಅಂದರೆ ಬಾಗಿಲನ್ನು ಇನ್ನು ನಾಲ್ಕು ಬೆರಳು ಎಳೆಯಬೇಕು, ಪೂರ್ತಿ ಮುಚ್ಚಿದರೆ ಅತ್ತೆ ಒಳಗ ಏನ್ ಮಾಡಾಕತ್ತೀಯವ್ವಾ ಅನ್ನುತ್ತಾರೆ, ಇಷ್ಟು ಸಾಕು, ಹಾಂ, ಈಗ ನೆಟ್ಟಗಾಯಿತು — ಮೂರು ಗಾಜಿನ ಲೋಟ, ಮೂರು ಜ್ವಾಲೆ, ಸಣ್ಣ ಬತ್ತಿ, ನಡುವಿನ ಬತ್ತಿ, ದಪ್ಪ ಬತ್ತಿ, ಮೇಣ ಒಂದೇ, ಸೆಂಟು ಒಂದೇ, ಮಲ್ಲಿಗೆಗೆ ಒಂದು ಚೂರು ದವನ ಬೆರೆಸುವ ಬುದ್ಧಿ ಈ ಹೈದರಾಬಾದಿನಲ್ಲಿ ಗುರುದೇವಿಗೆ ಬಿಟ್ಟರೆ ಇನ್ನಾರಿಗೂ ಬಂದಿಲ್ಲ, ಮೂರರಲ್ಲಿ ಗೆಲ್ಲುವುದು ನಡುವಿನದೇ, ಬೇಕಾದರೆ ಬರೆದುಕೊಡುತ್ತೇನೆ, ಸಣ್ಣದು ಬಡಪಾಯಿ, ದಪ್ಪದ್ದು ಹೊಗೆ ಉಗುಳುತ್ತದೆ, ಅದನ್ನು ಸುಮ್ಮನೆ ಜೊತೆಗಿರಲಿ ಎಂದು ಸುರಿದದ್ದು. ಹನ್ನೊಂದಕ್ಕೆ ಹಚ್ಚಿದೆ, ಈಗ ಹನ್ನೆರಡಕ್ಕೆ ಐದು ನಿಮಿಷ, ಹನ್ನೆರಡಕ್ಕೆ ಆರಿಸಬೇಕು, ಒಂದು ತಾಸು ಮೇಣ ಗಟ್ಟಿಯಾಗಲು ಬಿಡಬೇಕು, ಮತ್ತೆ ಹಚ್ಚಬೇಕು, ಮತ್ತೆ ಆರಿಸಬೇಕು, ಐದಕ್ಕೆ ವರ್ಷಾ ಬರುವಷ್ಟರಲ್ಲಿ ಯಾವ ಬತ್ತಿ ತಿರುಗಿ ಹತ್ತುತ್ತದೆ ಎಂದು ನನಗೆ ಗೊತ್ತಿರಬೇಕು. ಕೆಲಸ ಇಷ್ಟೇ, ಮೂರು ಲೋಟಕ್ಕೆ ಮೂರು ಮುಚ್ಚಳ, ಒಂದು ಮುಚ್ಚಳ ಆಗಲೇ ಕೈಯಲ್ಲಿದೆ, ಕೈ ಮಾತ್ರ ಕೆಳಗಿಳಿಯುತ್ತಿಲ್ಲ.

ಮಾದಾಪುರದಲ್ಲಿ ಉಡುಗೊರೆ ಸಾಮಾನಿನ ಅಂಗಡಿ ಇಟ್ಟಿರುವ ಹುಡುಗಿ ವರ್ಷಾ, ಎರಡು ವರ್ಷದಿಂದ ನನ್ನ ಲೋಟಗಳನ್ನು ಮುಂದಿನ ಕಪಾಟಿನಲ್ಲೇ ಇಡುತ್ತಾಳೆ, ನಿನ್ನೆ ಬೆಳಿಗ್ಗೆ ಅವಳ ಫೋನು, ಅರ್ಧ ತೆಲುಗು ಅರ್ಧ ಹಿಂದಿ, ಸೆಕೆಂಡ್ ಟೈಮ್ ವೆಲಗಟ್ಲೇದು ಆಂಟೀ, ಎರಡನೇ ಸಲ ಹತ್ತುತ್ತಿಲ್ಲವಂತೆ, ನಾಲ್ಕು ಗಿರಾಕಿಗಳು ವಾಪಸ್ ತಂದುಕೊಟ್ಟಿದ್ದಾರಂತೆ, ಆಫೀಸಿನಿಂದ ಬಂದು ಒಂದು ತಾಸು ಹಚ್ಚಿಟ್ಟು ಊದಿ ಮಲಗುತ್ತಾರೆ, ಮರುದಿನ ಕಡ್ಡಿ ಗೀರಿದರೆ ಹತ್ತಿದ ಹಾಗೆ ಮಾಡಿ ತನ್ನದೇ ಮೇಣದಲ್ಲಿ ಮುಳುಗಿಹೋಗುತ್ತದೆ. ನಾನೇನು ಸುಮ್ಮನೆ ಒಪ್ಪುವವಳೇ, ಏಸಿ ಗಾಳಿ ಅಂದೆ, ಕಡ್ಡಿ ಸರಿಯಿಲ್ಲ ಅಂದೆ, ನಿನ್ನ ಗಿರಾಕಿಗಳಿಗೆ ಹಚ್ಚಲು ಬರುವುದಿಲ್ಲ ಅಂತಲೂ ಅಂದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳು ಎಲ್ಲ ಕೇಳಿಸಿಕೊಂಡು ಆಮೇಲೆ ಹೋಟೆಲಿನ ಮಾತು ತೆಗೆದಳು — ಇಲ್ಲೇ ಶಂಶಾಬಾದಿನಲ್ಲಿ, ಏರ್‌ಪೋರ್ಟಿನ ರಸ್ತೆಗೆ ಹೊಸದಾಗಿ ಎದ್ದಿರುವ ಹೋಟೆಲು, ನಮ್ಮವರು ಕಾರ್ಗೋ ಡ್ಯೂಟಿಗೆ ದಿನಾ ಅದರ ಮುಂದೆಯೇ ಹಾಯುತ್ತಾರೆ, ಕೋಣೆಗೊಂದು ಮೇಣದಬತ್ತಿ ಬೇಕಂತೆ, ತಿಂಗಳಿಗೆ ಮುನ್ನೂರು, ವರ್ಷಾ ನನ್ನ ಹೆಸರನ್ನೇ ಹೇಳಿ ಬಂದಿದ್ದಳಂತೆ. ಈಗ ಅವಳಿಗೇ ನಂಬಿಕೆಯಿಲ್ಲ. ನಾಳೆ ಐದಕ್ಕೆ ಬರುತ್ತೇನೆ, ನನ್ನ ಕಣ್ಣೆದುರು ಮೂರು ಸಲ ಆರಿಸಿ ಮೂರು ಸಲ ಹಚ್ಚಿ ತೋರಿಸಿ, ಹತ್ತಿದರೆ ನಿಮಗೆ, ಇಲ್ಲದಿದ್ದರೆ ಕೊಂಪಲ್ಲಿಯಲ್ಲಿ ಇನ್ನೊಬ್ಬರಿದ್ದಾರೆ, ಎಂದಳು. ಹತ್ತದಿದ್ದರೆ ಮುಂದಿನ ಕಪಾಟಿನಿಂದಲೂ ನನ್ನನ್ನು ತೆಗೆಯುತ್ತಾಳೆ, ಅದನ್ನವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮತ್ತೆ ಎಲ್ಲಿ ತಪ್ಪಿದೆ ಎಂದು ರಾತ್ರಿ ಹಳೆಯ ನೋಟ್‌ಬುಕ್ ತೆಗೆದರೆ ನನ್ನದೇ ಅಕ್ಷರ ನನ್ನನ್ನೇ ಅಣಕಿಸುತ್ತಿತ್ತು, ಅಮೀರ್‌ಪೇಟೆಯಲ್ಲಿ ಮೇಣದಬತ್ತಿಯ ಎರಡು ದಿನದ ಕ್ಲಾಸು, ಈ ಕೋಣೆಯಲ್ಲಿ ಜಾವಾ, ಆ ಕೋಣೆಯಲ್ಲಿ ಪೈಥಾನ್, ಸುತ್ತಲೂ ಕಂಪ್ಯೂಟರ್ ಪಾಠ, ನಡುವೆ ಹನ್ನೊಂದು ಹೆಂಗಸರು ಸ್ಟವ್ ಮುಂದೆ ಮೇಣ ಕರಗಿಸುತ್ತ ಕೂತಿದ್ದೆವು, ಮೇಡಂ ಹೇಳಿದ ಒಂದೊಂದು ಮಾತನ್ನೂ ಬರೆದುಕೊಂಡಿದ್ದೇನೆ, ಒಂಬತ್ತನೇ ಸಾಲು, ಹಚ್ಚಿ ಆರಿಸಿ ಮತ್ತೆ ಹಚ್ಚಿ ನೋಡಬೇಕು, ಬರೆದದ್ದು ನಿಜ, ಮಾಡಿದ್ದು ಸುಳ್ಳು, ಮೂರು ವರ್ಷದಲ್ಲಿ ಒಂದು ಸಲವೂ ಇಲ್ಲ. ಒಮ್ಮೆ ಹತ್ತಿದ ಬತ್ತಿ ಇನ್ನೊಮ್ಮೆ ಹತ್ತದೆ ಎಲ್ಲಿ ಹೋಗುತ್ತದೆ ಅಂದುಕೊಂಡೆ. ಈ ಮನೆಯಲ್ಲಿ ದೀಪ ಆರಿಸುವ ಪದ್ಧತಿ ಇಲ್ಲವಲ್ಲ, ಅತ್ತೆ ಅಂಬವ್ವ ಸೇಡಂನಿಂದ ಬರುವಾಗ ತಂದ ಪದ್ಧತಿ, ದೇವರ ದೀಪ ಎಣ್ಣೆ ತೀರಿದ ಮೇಲೆ ತಾನಾಗಿ ಶಾಂತವಾಗಬೇಕು, ಬಾಯಿಯಿಂದ ಊದುವುದಂತೂ ಕನಸಿನ ಮಾತು, ಗ್ಯಾಸ್ ದಿನಾ ಆರಿಸ್ತೀವಲ್ಲ ರಿ ಅಂದರೆ ಗ್ಯಾಸ್ ದೀಪ ಅಲ್ಲ, ಅದು ಒಲಿ, ಅನ್ನುತ್ತಾರೆ, ಮಗಳು ಅಮಿತಾಳ ಎಂಟನೇ ಹುಟ್ಟುಹಬ್ಬಕ್ಕೆ ಅವಳ ಕ್ಲಾಸಿನ ಮಕ್ಕಳೆಲ್ಲ ಗಲ್ಲ ಉಬ್ಬಿಸಿಕೊಂಡು ಕೇಕಿನ ಸುತ್ತ ನಿಂತಾಗ ಅತ್ತೆ ಕೈ ಚಾಚಿ ಎಂಟೂ ಮೇಣದಬತ್ತಿಗಳನ್ನು ಕಿತ್ತು ತಟ್ಟೆಯಲ್ಲಿ ನಿಲ್ಲಿಸಿಕೊಂಡು ದೇವರ ಕೋಣೆಗೆ ನಡೆದೇಬಿಟ್ಟರು, ಮಕ್ಕಳು ಉಬ್ಬಿಸಿದ ಗಲ್ಲ ಇಳಿಸಲೂ ಮರೆತು ನೋಡುತ್ತಿದ್ದವು, ಕೇಕಿನಲ್ಲಿ ಎಂಟು ತೂತು. ನಗು ಬರುತ್ತದೆ ಈಗಲೂ. ನನ್ನ ಮೊದಲ ಲೋಟವನ್ನು ಆ ದೇವರ ಕೋಣೆಯಲ್ಲೇ ಹಚ್ಚಿದ್ದು, ಮೂವತ್ನಾಲ್ಕು ತಾಸು ಉರಿದು ತಳ ಮುಟ್ಟಿತು, ತಳದಲ್ಲಿ ಬೆರಳಿಗೆ ಹತ್ತುವಷ್ಟೂ ಮೇಣ ಉಳಿಯಲಿಲ್ಲ, ಸೇಡಂನಿಂದ ಯಾರು ಬಂದರೂ ಅತ್ತೆ ಅದನ್ನೇ ಹೇಳುತ್ತಾರೆ, ನಮ್ಮ ಗುರುದೇವಿ ಮಾಡಿದ ದೀಪ ಹಗಲಿ ರಾತ್ರಿ ಉರೀತದ, ನನಗೂ ಅದೇ ಹೆಮ್ಮೆ, ಎಲ್ಲ ಲೋಟಗಳನ್ನೂ ಹಾಗೆಯೇ ಪರೀಕ್ಷೆ ಮಾಡಿದೆ, ಹಚ್ಚುವುದು, ಮುಗಿಯುವವರೆಗೆ ಬಿಡುವುದು. ಬಿಡದೆ ಉರಿದರೆ ಮೇಣ ಅಂಚಿನವರೆಗೆ ಕರಗುತ್ತದೆ, ಒಂದು ತಾಸಿಗೆ ಆರಿಸಿದರೆ ನಡುವೆ ಬಾವಿ ಬೀಳುತ್ತದೆ, ಮರುದಿನ ಬತ್ತಿ ಆ ಬಾವಿಯಲ್ಲೇ ಮುಳುಗುತ್ತದೆ, ಇಷ್ಟು ನಿನ್ನೆ ರಾತ್ರಿ ಹೊಳೆಯಿತು, ಮೂರು ವರ್ಷದ ಮೇಲೆ, ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಹನ್ನೆರಡಾಯಿತು. ಮುಚ್ಚಳ ಹಿಡಿದ ಕೈ ಜ್ವಾಲೆಯ ಮೇಲೆ ಹೋಗುತ್ತದೆ, ಅಂಗೈಗೆ ಬಿಸಿ ತಾಗುತ್ತದೆ, ನಿಲ್ಲುತ್ತದೆ. ಇಷ್ಟು ದಿನ ಅತ್ತೆಗಾಗಿ ಅತ್ತೆಗಾಗಿ ಅನ್ನುತ್ತಿದ್ದೆ, ಈಗ ಅತ್ತೆ ಹಾಲ್‌ನ ದಿವಾನಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾರೆ, ಇಲ್ಲಿ ನೋಡುವವರು ಯಾರೂ ಇಲ್ಲ, ಆದರೂ ಇಳಿಯುತ್ತಿಲ್ಲ ಅಂದರೆ ತಡೆಯುತ್ತಿರುವುದು ನನ್ನದೇ ಕೈ — ಆರು ವರ್ಷದವಳಿದ್ದೆ, ಹೊಗೆ ಹೇಗೆ ಸುತ್ತುತ್ತದೆ ನೋಡೋಣ ಎಂದು ದೇವರ ದೀಪ ಊದಿದ್ದೆ, ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ, ಆ ಹೊತ್ತು ಊಟ ಮಾಡಲಿಲ್ಲ ಅಷ್ಟೇ, ನನಗೆ ಬಡಿಸಿ ಗೋಡೆಗೆ ಒರಗಿ ಕೂತಳು, ನಾನು ಉಂಡೆ, ಎರಡು ರೊಟ್ಟಿ ಉಂಡೆ, ಒಂದೊಂದು ತುತ್ತೂ ನೆನಪಿದೆ. ಎರಡು ಸಾವಿರ ಲೋಟ ಮಾರಿದ್ದೇನೆ, ಎರಡು ಸಾವಿರ ಮನೆಯವರು ಊದಲಿ ಎಂದೇ ಮಾರಿದ್ದೇನೆ, ನನ್ನ ಬಾಯಿಗೆ ಪಾಪ ತಗಲದಿದ್ದರೆ ಸಾಕು ಅನ್ನುವ ಜಾಣತನ, ನಾಚಿಕೆಯಾಗುತ್ತದೆ, ಹೌದು, ನಾಚಿಕೆಯೇ. ಟೆರೇಸಿಗೆ ಒಯ್ಯಲೇ, ಅಲ್ಲಿ ಗಾಳಿಯೇ ಆರಿಸೀತು, ಆದರೆ ಗಾಳಿಯಲ್ಲಿ ಪರೀಕ್ಷೆ ಏನು ಬಂತು ಮಣ್ಣು, ಮೇಲಿನ ಮನೆಯ ಕಮಲಾಕ್ಷಿಗೆ ಕೊಟ್ಟರೆ ಮೂರನ್ನೂ ಒಂದೇ ಉಸಿರಿಗೆ ಊದಿ ಆಮೇಲೆ ಎರಡು ತಾಸು ಮಾತಾಡುತ್ತಾಳೆ, ಛೆ, ಲೋಟದ ಮೇಲೆ ಗುರುದೇವಿ ಅಂತ ನನ್ನ ಹೆಸರು ಅಂಟಿಸಿ ಮಾರುವವಳು ನನ್ನದೇ ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ಮಾಡಬೇಕೇ, ಮಾಡಿದರೆ ಅತ್ತೆಯ ಎದುರಿಗೇ ಮಾಡುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ, ಊಟ ಬಿಟ್ಟರೆ ನಾನೂ ಬಿಡುತ್ತೇನೆ. ಅತ್ತಿ, ಎದ್ದೀರೇನ್ ರಿ, ಒಂದ್ ಸ್ವಲ್ಪ ಒಳಗ ಬರ್ರಿ, ಎಂದು ಕರೆದೇಬಿಟ್ಟೆ, ಇದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ಬಂದರು, ಸೆರಗು ಸರಿಮಾಡಿಕೊಳ್ಳುತ್ತ, ಮೊಣಕಾಲು ಹಿಡಿದುಕೊಳ್ಳುತ್ತ, ಮೂರು ಜ್ವಾಲೆಗಳನ್ನು ನೋಡಿ ಅಭ್ಯಾಸದಂತೆ ಕೈ ಮುಗಿದರು, ಇನ್ನೂ ಕಷ್ಟವಾಯಿತು ನನಗೆ, ಆದರೂ ಹೇಳಿದೆ, ಇವನ್ನ ಆರಸಬೇಕ್ ರಿ ಅತ್ತಿ, ಆರಿಸಿ ಮತ್ತ ಹಚ್ಚಿದ್ರ ಹತ್ತವಲ್ಲವು ಅಂತ ಮಂದಿ ಹೇಳಾಕತ್ತಾರ, ನಾ ಒಮ್ಮಿನೂ ಆರಿಸಿ ನೋಡಿಲ್ಲ. ಮೇಲೆ ವಿಮಾನವೊಂದು ಇಳಿಯುತ್ತ ಹೋಯಿತು, ಕಿಟಕಿಯ ಗಾಜು ಗುಂಯ್‌ಗುಟ್ಟಿತು, ಈಗ ದೇವರ ಮಾತು ಬರುತ್ತದೆ, ದೀಪದ ಮಾತು ಬರುತ್ತದೆ ಎಂದು ಕಾದರೆ ಬಂದದ್ದು ಬೇರೆಯೇ, ಒಮ್ಮಿನೂ ನೋಡದಽ ಮಾರಿದೇನು, ಅಂದರು. ಮೂರ್ ವರ್ಷ ನೋಡದಽ ಮಾರಿದೇನು. ಅವರ ಅಪ್ಪನದು ಸೇಡಂನ ಗಂಜ್ ಪೇಟೆಯಲ್ಲಿ ತೊಗರಿಯ ವ್ಯಾಪಾರ, ಚೀಲದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ಒಣಗಿದೆಯೋ ಇಲ್ಲವೋ ನೋಡದೆ ಆ ಮನುಷ್ಯ ಒಂದು ಚೀಲವನ್ನೂ ಹೊಲಿಸುತ್ತಿರಲಿಲ್ಲವಂತೆ, ಮುಪ್ಪಿನಲ್ಲಿ ಹಲ್ಲು ಹೋದ ಮೇಲೆ ಮಗಳನ್ನು ಕರೆದು ಕಡಿಸುತ್ತಿದ್ದನಂತೆ, ಇದನ್ನು ನಾನು ಈ ಮನೆಗೆ ಬಂದು ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೇಳುತ್ತಿರುವುದು. ನಿಮ್ಮ ಸಲುವಾಗಿ ನೋಡಲಿಲ್ಲ ರಿ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ, ಅದು ಅರ್ಧ ಸುಳ್ಳು. ಮಂದಿ ಮನ್ಯಾಗ ದೀಪ ಹತ್ತಲಿಲ್ಲಂದ್ರ ಆ ಪಾಪ ಯಾರಿಗೆ, ಅಂದರು, ಆರಿಸಿದವ್ರಿಗೇನು, ಮಾರಿದವ್ರಿಗೆ, ಮುಚ್ಚು. ಹಾಗಂದು ತಾವು ಗೋಡೆಯ ಕಡೆ ತಿರುಗಿ ನಿಂತರು, ನೋಡುವುದಿಲ್ಲ, ಅಷ್ಟು ಮಾತ್ರ ಆಗುವುದಿಲ್ಲ, ಅವರ ಬೆನ್ನು ನೋಡುತ್ತ ಒಂದೊಂದಾಗಿ ಮುಚ್ಚಿದೆ, ಕೈ ಇಳಿಯಿತು, ಗಾಜಿನೊಳಗೆ ಜ್ವಾಲೆ ಕುಗ್ಗಿ ಬಿಳಿ ಹೊಗೆ ತುಂಬಿಕೊಂಡಿತು, ಆತೇನು, ಆತ್ ರಿ, ಎಂದ ಮೇಲೆ ತಿರುಗಿದರು. ಆಮೇಲೆ ಇಬ್ಬರೂ ರೊಟ್ಟಿ, ಪುಂಡಿ ಪಲ್ಯ ಉಂಡೆವು, ಅವರು ಊಟ ಬಿಡಲಿಲ್ಲ, ಆದರೆ ಉಣ್ಣುವಾಗ ಎರಡು ಸಲ ಗಡಿಯಾರ ನೋಡಿದರು.

ಒಂದೂಕಾಲು, ಮೇಣ ಕಟ್ಟಿದೆ, ಮುಚ್ಚಳ ತೆಗೆದರೆ ಮೂರರಲ್ಲೂ ನಡುವೆ ಬಾವಿ, ನಾನು ಅಂದುಕೊಂಡ ಹಾಗೆಯೇ, ಬತ್ತಿಗಳ ತುದಿ ಅಷ್ಟಷ್ಟು ಕತ್ತರಿಸಿದೆ, ಅತ್ತೆ ಸ್ಟೂಲು ಎಳೆದುಕೊಂಡು ಕಟ್ಟೆಗೆ ಮೊಣಕೈ ಊರಿ ಕೂತಿದ್ದಾರೆ, ಹಾಲ್‌ನ ಫ್ಯಾನನ್ನು ತಾವೇ ಬಂದ್ ಮಾಡಿ ಬಂದಿದ್ದಾರೆ. ಹಚ್ಚು, ಅಂದರು. ಮೊದಲು ಸಣ್ಣದು, ಹತ್ತಿತು, ಹಳದಿಯಾಗಿ ಎದ್ದಿತು, ಬುಡದಲ್ಲಿ ಮೇಣ ಕರಗಿ ಬಾವಿ ತುಂಬಿತು, ಹಳದಿ ಇಳಿಯಿತು, ನೀಲಿಯಾಯಿತು, ತೊಗರಿ ಕಾಳಿನಷ್ಟು ನೀಲಿ, ಹೋಯಿತು. ಇರಲಿ, ಬಡಪಾಯಿ, ಗೊತ್ತಿದ್ದದ್ದೇ. ನಡುವಿನದು, ಇದು ನನ್ನದು, ಇದಕ್ಕೆ ಕಡ್ಡಿಯನ್ನು ಸ್ವಲ್ಪ ಹೆಚ್ಚು ಹೊತ್ತೇ ಹಿಡಿದೆ, ಹತ್ತಿತು, ನಿಂತಿತು, ನೋಡ್ರಿ ಅತ್ತಿ ಎನ್ನುವಷ್ಟರಲ್ಲಿ ಇಳಿಯಿತು, ಮತ್ತೆ ಅದೇ ನೀಲಿ, ಅದೇ ತೊಗರಿ ಕಾಳು, ಹೋಯಿತು, ಬರೆದುಕೊಡುತ್ತೇನೆ ಅಂದವಳು ನಾನೇ, ಬರೆದುಕೊಡದೆ ಇದ್ದದ್ದೇ ಪುಣ್ಯ, ನಾಲ್ಕು ಗಿರಾಕಿಗಳೂ ಇದನ್ನೇ ನೋಡಿದ್ದಾರೆ, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬಂದು ಕಡ್ಡಿ ಗೀರಿ ಇದನ್ನೇ ನೋಡಿ ಕತ್ತಲೆಯಲ್ಲಿ ಕೂತಿದ್ದಾರೆ, ಅವರು ಕೆಟ್ಟದ್ದು ಹೇಳಿದರೆ ತಪ್ಪಿಲ್ಲ. ಹೆದರಿಕೆಯಾಗಬೇಕಿತ್ತು, ಆಗುತ್ತಿಲ್ಲ, ಇದು ಹೋದರೆ ಇನ್ನೂ ದಪ್ಪ ಬತ್ತಿ ಹೆಣೆಯುತ್ತೇನೆ, ಮೇಣ ಬದಲಿಸುತ್ತೇನೆ, ವರ್ಷಾಳಿಗೆ ತಪ್ಪು ನನ್ನದೇ ಎಂದು ಹೇಳಿ ಎರಡು ದಿನ ಕೇಳುತ್ತೇನೆ, ಕೊಡದಿದ್ದರೆ ಬಿಡಲಿ, ಕೈ ನನ್ನದು, ಕೆಲಸ ನನ್ನದು, ಮೂರನೆಯದಕ್ಕೆ ಕಡ್ಡಿ ಗೀರಿದೆ, ದಪ್ಪದ್ದು, ಜೊತೆಗಿರಲಿ ಎಂದು ಸುರಿದದ್ದು, ಹತ್ತಿತು, ಬುಡದಲ್ಲಿ ಮೇಣ ಏರಿತು, ಹಳದಿ ಇಳಿಯಿತು, ಗುರುದೇವಿ ಉಸುರು ಬಿಡಬ್ಯಾಡ, ಎಂದು ಅತ್ತೆ ಪಿಸುಗುಟ್ಟಿದರು, ಅಂದವರೇ ಸೆರಗಿನ ಚುಂಗು ತೆಗೆದು ತಮ್ಮ ಬಾಯಿ ಮೂಗು ಎರಡನ್ನೂ ಒತ್ತಿ ಮುಚ್ಚಿಕೊಂಡರು, ಎಪ್ಪತ್ತಾರು ವರ್ಷದಲ್ಲಿ ಒಂದು ದೀಪವನ್ನೂ ಊದದ ಬಾಯಿ ಅದು, ಕಣ್ಣು ಮಾತ್ರ ಸೆರಗಿನ ಮೇಲೆ, ರೆಪ್ಪೆ ಹೊಡೆಯದೆ, ನೀಲಿಯಾಯಿತು, ತೊಗರಿ ಕಾಳಿನಷ್ಟು ನೀಲಿ, ಕುಗ್ಗಲಿಲ್ಲ, ಬೆಳೆಯಲೂ ಇಲ್ಲ, ಅತ್ತೆ ಉಸಿರು ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ, ತೊಗರಿ ಕಾಳಿನಷ್ಟು ನೀಲಿ, ನೀಲಿ, ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಹಳದಿ